ಯೋಗ್ಯತೆ ಇಲ್ಲ ಅನ್ನಿಸುವವನು ದೇವರ ಸೇವೆಗೆ ಒಪ್ಪಿಕೊಳ್ಳಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು: ಸಿದ್ದಾಪುರ ಕಡೆಯ ಎಸ್ಟೇಟ್ ರೈಟರ್

ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ (ಲೆಕ್ಕಪತ್ರ ಬರೆಯುವ) ಕೆಲಸ ಮಾಡುತ್ತಿದ್ದೇನೆ. ನಮ್ಮದು ಕಥೋಲಿಕ ಮನೆತನ. ಆದರೆ ಮದುವೆಯಾದ ಮೇಲೆ ಬಹಳ ವರ್ಷ ನಾನು ಚರ್ಚ್ ಕಡೆ ತಲೆ ಹಾಕಿರಲಿಲ್ಲ. ಕುಡಿತ ಇತ್ತು. ಮನೆಯವಳೂ ಮಕ್ಕಳೂ ಪಟ್ಟ ಪಾಡು ಊರಿಗೇ ಗೊತ್ತು. ದೇವರ ದಯೆಯಿಂದ ಈಗ ಬಿಟ್ಟಿದ್ದೇನೆ. ಪಾಪನಿವೇದನೆ ಮಾಡಿಕೊಂಡು ಪ್ರತಿ ಭಾನುವಾರ ಪೂಜೆಗೆ ಹೋಗುತ್ತಿದ್ದೇನೆ.

ಮೊನ್ನೆ ಫಾದರ್ ಕರೆದು, "ನಿಮ್ಮ ತೋಟದ ಲೈನ್ ಮನೆಗಳ ಕಾರ್ಮಿಕರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವರು ಯಾರೂ ಇಲ್ಲ, ನೀನು ಶುರು ಮಾಡು. ಜನರನ್ನು ಸೇರಿಸಿ ಜಪಸರದ (ರೋಸರಿ) ಪ್ರಾರ್ಥನೆಯನ್ನೂ ನಡೆಸು" ಅಂದರು. ನನಗೆ ಬಾಯಿ ಕಟ್ಟಿಹೋಯಿತು. ಯೋಚಿಸಿ ಹೇಳ್ತೇನೆ ಫಾದರ್ ಅಂದು ಬಂದೆ. ಓದಿದ್ದು ಪಿಯುಸಿ. ಬೈಬಲನ್ನು ಪೂರ್ತಿ ಓದಿದವನಲ್ಲ. ಅದಾದರೂ ಪರವಾಗಿಲ್ಲ, ಕಲಿಯಬಹುದು. ಬಟವಾಡೆಯ ದಿನ ನನ್ನ ಜೊತೆ ಕೂತು ಕುಡಿದವರೇ ಆ ಲೈನಿನಲ್ಲಿದ್ದಾರೆ. ಅವರ ಮಕ್ಕಳ ಮುಂದೆ ನಾನು ಯಾವ ಮುಖ ಇಟ್ಟುಕೊಂಡು ದೇವರ ಮಾತು ಆಡಲಿ? ಕರೆದದ್ದು ಫಾದರ್ರೋ ದೇವರೋ ಅನ್ನುವುದೂ ತಿಳಿಯುತ್ತಿಲ್ಲ. ಹೀಗೆ ಅನ್ನಿಸಿದ್ದವರು ನೀವು ಏನು ಮಾಡಿದಿರಿ? ಒಪ್ಪಿಕೊಂಡಿರಾ, ಬಿಟ್ಟಿರಾ? ಇದ್ದದ್ದು ಇದ್ದ ಹಾಗೆ ಹೇಳಿ.

ವಿರಾಜಪೇಟೆಯಿಂದ, ನಿವೃತ್ತ ಶಾಲಾ ಶಿಕ್ಷಕಿ

ತಮ್ಮಾ, ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲಾಗಲಿಲ್ಲ. ಧರ್ಮೋಪದೇಶದ ತರಗತಿಯಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಪೂಜೆಯಲ್ಲಿ ಪರಮಪ್ರಸಾದದ ರೊಟ್ಟಿ ತೆಗೆದುಕೊಳ್ಳಲು ಏಳುವ ಮುಂಚೆ ನಾವೆಲ್ಲ ಒಟ್ಟಿಗೆ ಏನು ಹೇಳುತ್ತೇವೆ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಪ್ರಭುವೇ, ನೀವು ನನ್ನಲ್ಲಿಗೆ ಬರಲು ನಾನು ಪಾತ್ರನಲ್ಲ, ನೀವು ಒಂದು ಮಾತು ಹೇಳಿದರೆ ಸಾಕು ಅಂತ. ಇದು ಕಫೆರ್ನವುಮಿನ ಶತಾಧಿಪತಿಯ ಮಾತು, ಮತ್ತಾಯನ ಶುಭಸಂದೇಶದ 8ನೇ ಅಧ್ಯಾಯದಲ್ಲಿದೆ. ಅವನು ಯೆಹೂದ್ಯನಲ್ಲ, ಆ ನಾಡನ್ನು ಆಳುತ್ತಿದ್ದವರ ಸೈನ್ಯದ ಅಧಿಕಾರಿ. ಅಂಥವನ ಮಾತನ್ನು ಧರ್ಮಸಭೆ ಎತ್ತಿ ಎಲ್ಲರ ಬಾಯಲ್ಲೂ ಇಟ್ಟಿದೆ. ಮೊದಲ ಪರಮಪ್ರಸಾದ ತೆಗೆದುಕೊಳ್ಳುವ ಮಗುವೂ ಅದನ್ನೇ ಹೇಳಬೇಕು, ಪೀಠದ ಮುಂದೆ ನಿಂತ ಬಿಷಪರೂ ಅದನ್ನೇ ಹೇಳಬೇಕು. ಹೇಳಿ ಮುಗಿಸಿ ಯಾರೂ ಮನೆಗೆ ಹೊರಟುಹೋಗುವುದಿಲ್ಲ. ಎದ್ದು ಸಾಲಿನಲ್ಲಿ ನಿಲ್ಲುತ್ತೇವೆ. ನಾನು ಪಾತ್ರನಲ್ಲ ಅನ್ನುವುದೂ, ಎದ್ದು ಮುಂದೆ ಹೋಗುವುದೂ ನಮ್ಮಲ್ಲಿ ಒಂದೇ ಉಸಿರಿನ ಕೆಲಸ. ನೀವು ಮೊದಲ ಅರ್ಧ ಹೇಳಿ ಕುಳಿತುಬಿಟ್ಟಿದ್ದೀರಿ, ಅಷ್ಟೇ.

ಮೋಶೆಯ ಕತೆ ನಿಮಗೆ ಗೊತ್ತಿರುತ್ತದೆ. ವಿಮೋಚನಕಾಂಡದ 3 ಮತ್ತು 4ನೇ ಅಧ್ಯಾಯಗಳನ್ನು ಇವತ್ತು ರಾತ್ರಿ ನಿಧಾನವಾಗಿ ಓದಿ. ಅವನು ಒಬ್ಬನನ್ನು ಕೊಂದು ಓಡಿಹೋದವನು, ಮಾವನ ಕುರಿ ಕಾಯುತ್ತಿದ್ದವನು. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ತನ್ನ ಜನರನ್ನು ಬಿಡಿಸಲು ದೇವರು ಕರೆದಾಗ ಒಂದರ ಮೇಲೊಂದು ಕಾರಣ ಹೇಳುತ್ತಾನೆ. ನಾನು ಎಷ್ಟರವನು, ನಿಮ್ಮ ಹೆಸರು ಕೇಳಿದರೆ ಏನು ಹೇಳಲಿ, ಜನ ನಂಬದಿದ್ದರೆ, ನನ್ನ ನಾಲಿಗೆ ಮಂದ. ಈ ಒಂದೊಂದಕ್ಕೂ ದೇವರು ತಾಳ್ಮೆಯಿಂದ ಉತ್ತರ ಕೊಡುತ್ತಾರೆ, ಒಂದಕ್ಕೂ ಬೇಸರಿಸುವುದಿಲ್ಲ. ಕೊನೆಗೆ ಮೋಶೆ, ಬೇರೆ ಯಾರನ್ನಾದರೂ ಕಳುಹಿಸಿ ಅನ್ನುತ್ತಾನೆ. ದೇವರಿಗೆ ಕೋಪ ಬಂದದ್ದು ಅಲ್ಲಿ. ಅಂದರೆ ಭಯ, ಹಿಂಜರಿಕೆ, ಕೊರತೆ ಇದೆಲ್ಲವನ್ನೂ ದೇವರ ಮುಂದೆ ಇಡಬಹುದು. ಅದನ್ನೇ ತಪ್ಪಿಸಿಕೊಳ್ಳುವ ದಾರಿ ಮಾಡಿಕೊಂಡರೆ ಮಾತ್ರ ಅವರು ಒಪ್ಪುವುದಿಲ್ಲ. ಕೋಪದಲ್ಲೂ ಏನು ಮಾಡಿದರು ನೋಡಿ: ಅಣ್ಣ ಆರೋನನನ್ನು ಜೊತೆಗೆ ಕೊಟ್ಟರು. ನೀವೂ ಫಾದರ್ ಹತ್ತಿರ ಜೊತೆಗೆ ಒಬ್ಬರನ್ನು ಕೊಡಿ ಅಂತ ಕೇಳಿ. ಅದು ಕೇಳಬೇಕಾದ ಮಾತೇ.

ಯೇಸುವಿನ ಶಿಷ್ಯ ಪೇತ್ರನೂ ಹೀಗೇ. ಲೂಕನ 5ನೇ ಅಧ್ಯಾಯದಲ್ಲಿ ದೋಣಿ ತುಂಬ ಮೀನು ಬಿದ್ದಾಗ ಅವನು ಯೇಸುವಿನ ಕಾಲಿಗೆ ಬಿದ್ದು, ನನ್ನನ್ನು ಬಿಟ್ಟು ಹೋಗಿ ಸ್ವಾಮಿ, ನಾನು ಪಾಪಿ ಅನ್ನುತ್ತಾನೆ. ಯೇಸು, "ಛೆ, ನೀನು ಪಾಪಿಯಲ್ಲ" ಅಂತ ಸಮಾಧಾನ ಹೇಳಲಿಲ್ಲ. ಆ ಮಾತಿನ ತಂಟೆಗೇ ಹೋಗಲಿಲ್ಲ. ಅಂಜಬೇಡ ಅಂದು ಕೆಲಸ ಕೊಟ್ಟರು. ಆಮೇಲೆ ಪೇತ್ರ ಮೂರು ಸಲ ತನಗೆ ಯೇಸು ಗೊತ್ತೇ ಇಲ್ಲ ಅಂದ. ಪುನರುತ್ಥಾನದ ನಂತರ ಸರೋವರದ ದಡದಲ್ಲಿ ಯೇಸು ಅವನಿಗೆ ಕೇಳಿದ್ದು, ಇನ್ನೊಮ್ಮೆ ಹಾಗೆ ಮಾಡುವುದಿಲ್ಲವಲ್ಲ ಅಂತಲ್ಲ. ನೀನು ನನ್ನನ್ನು ಪ್ರೀತಿಸುತ್ತೀಯಾ ಅಂತ. ಮೂರು ಸಲ ಕೇಳಿ, ಮೂರು ಸಲವೂ ಕುರಿ ಕಾಯುವ ಕೆಲಸ ಒಪ್ಪಿಸಿದರು. ಬಿದ್ದವನಿಗೆ ಕ್ಷಮೆ ಸಿಕ್ಕಿದ್ದೂ ಕೆಲಸ ಸಿಕ್ಕಿದ್ದೂ ಒಂದೇ ಬೆಳಗ್ಗೆ.

ಇನ್ನು ನನ್ನ ವಿಷಯ. ನನ್ನದು ಕುಡಿತವಲ್ಲ. ನಮ್ಮ ಮೊದಲ ಮಗು ಜ್ವರದಲ್ಲಿ ಹೋಯಿತು. ಆಮೇಲೆ ನನಗೆ ಪ್ರಾರ್ಥನೆ ನಾಲಿಗೆಯ ತುದಿಯಲ್ಲಿ ಮಾತ್ರ ಉಳಿಯಿತು. ಒಳಗೆ ದೇವರ ಮೇಲೆ ಸಿಟ್ಟು. ಆ ಹೊತ್ತಿನಲ್ಲೇ ಅಂದಿನ ಧರ್ಮಗುರುಗಳು ಮೊದಲ ಪರಮಪ್ರಸಾದದ ಮಕ್ಕಳಿಗೆ ಪಾಠ ಮಾಡು ಅಂದರು. ಅವರಿಗೆ ನನ್ನ ಸ್ಥಿತಿ ಗೊತ್ತಿತ್ತು. ನಂಬಿಕೆಯೇ ಅಲುಗಾಡುತ್ತಿದೆ, ನಾನು ಏನು ಕಲಿಸಲಿ ಅಂದೆ. ನಿನಗೆ ಗೊತ್ತಿದ್ದಷ್ಟು ಕಲಿಸು, ಗೊತ್ತಿಲ್ಲದ್ದನ್ನು ಮಕ್ಕಳ ಜೊತೆ ಕೂತು ದೇವರನ್ನು ಕೇಳು ಅಂದರು. ಹೋದೆ. ಒಬ್ಬ ಹುಡುಗ, ಟೀಚರ್, ಸತ್ತುಹೋದ ಪುಟ್ಟ ಮಕ್ಕಳು ಸ್ವರ್ಗದಲ್ಲಿ ದೊಡ್ಡವರಾಗ್ತಾರಾ ಅಂತ ಕೇಳಿದ. ನಾನು ಪುಸ್ತಕ ಮುಚ್ಚಿ ಅತ್ತೆ. ಮಕ್ಕಳು ಬಂದು ಸುತ್ತ ನಿಂತವು. ಉತ್ತರ ನನಗೆ ಆಗಲೂ ಗೊತ್ತಿರಲಿಲ್ಲ. ಆದರೆ ಆ ಮಕ್ಕಳ ಜೊತೆ ಹೇಳುತ್ತಾ ಹೇಳುತ್ತಾ ಪ್ರಾರ್ಥನೆ ಮತ್ತೆ ನನ್ನದಾಯಿತು. ಯಾವತ್ತು ಆಯಿತು ಅಂತ ಹೇಳಲಾರೆ. ವಿಶ್ವಾಸ ಗಟ್ಟಿಯಾದ ಮೇಲೆ ಹೋಗುತ್ತೇನೆ ಅಂತ ಕೂತಿದ್ದರೆ ನಾನು ಇವತ್ತಿಗೂ ಕೂತೇ ಇರುತ್ತಿದ್ದೆ.

ಕರೆದದ್ದು ಫಾದರ್ರೋ ದೇವರೋ ಅಂದಿರಿ. ಬಾಲಕ ಸಮುವೇಲನಿಗೂ ಇದೇ ಗೊಂದಲವಾಗಿತ್ತು. ದೇವರು ಕರೆದರೆ ಅವನು ಯಾಜಕ ಏಲಿಯ ಹತ್ತಿರ ಓಡುತ್ತಿದ್ದ. ನಮಗೆ ಹೆಚ್ಚಾಗಿ ದೇವರ ಕರೆ ಬರುವುದು ಇನ್ನೊಬ್ಬ ಮನುಷ್ಯನ ದನಿಯಲ್ಲೇ. ನೀವು ಆಸೆಪಟ್ಟು ಕೇಳಿದ ಸ್ಥಾನ ಅಲ್ಲ ಇದು. ಅಲ್ಲಿ ಮಕ್ಕಳು ನಿಜವಾಗಿ ಇದ್ದಾರೆ. ಜವಾಬ್ದಾರಿ ಹೊತ್ತವರೊಬ್ಬರು ನಿಮ್ಮ ಹಿಂದಿನದ್ದೆಲ್ಲ ತಿಳಿದೂ ನಿಮ್ಮನ್ನೇ ಕೇಳಿದ್ದಾರೆ. ಇದಕ್ಕಿಂತ ಹೆಚ್ಚಿನ ಗುರುತು ನನಗಂತೂ ಸಿಕ್ಕಿರಲಿಲ್ಲ.

ಸೋಮವಾರಪೇಟೆ ಕಡೆಯಿಂದ, ಗೃಹಿಣಿ

ಅಣ್ಣ, ನನಗೆ ಟೀಚರಮ್ಮನ ಹಾಗೆ ಬರೆಯಲು ಬರುವುದಿಲ್ಲ. ನಾನು ಏಳನೇ ಕ್ಲಾಸು. ಪೂಜೆಯಲ್ಲಿ ವಾಚನ ಓದು ಅಂದಾಗ ಕೈಕಾಲು ನಡುಗಿ, ಜ್ವರ ಅಂತ ಹೇಳಿ ಮನೆಯಲ್ಲಿ ಮಲಗಿದ್ದೆ. ಅತ್ತೆಯವರು ಬಂದು, ಓದುವುದು ನಿನ್ನ ಮಾತಲ್ಲವಲ್ಲ, ಅವರ ಮಾತು, ನೀನು ಜೋರಾಗಿ ಓದಿದರೆ ಸಾಕು ಅಂದರು. ಅಷ್ಟೇ. ಈಗ ಶನಿವಾರ ರಾತ್ರಿ ಅಡುಗೆ ಮನೆಯಲ್ಲಿ ಓದಿ ಓದಿ ಅಭ್ಯಾಸ ಮಾಡಿ ಹೋಗ್ತೇನೆ. ನೀವೂ ಹೋಗಿ ಅಣ್ಣ. ನಿಮಗಾಗಿ ಜಪಸರ ಮಾಡ್ತೇನೆ.

ಕುಶಾಲನಗರ ಕಡೆಯಿಂದ, ಕುಡಿತ ಬಿಟ್ಟ ಒಬ್ಬ

ಅಣ್ಣ, ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಹೇಳೋದು ಸ್ವಲ್ಪ ಬೇರೆ, ಒರಟಾಗಿ ಕಂಡರೂ ಓದಿ.

ಯೋಗ್ಯತೆ ಇಲ್ಲ ಅನ್ನೋದರಲ್ಲಿ ಎರಡು ಥರ ಇದೆ. ಒಂದು ಬರೀ ನಾಚಿಕೆ. ಹಳೆಯದನ್ನು ನೆನೆದು ನೆನೆದು ಕೊರಗೋದು. ಅದಕ್ಕೆ ಕ್ಷಮೆ ಆಗಲೇ ಸಿಕ್ಕಿದೆ. ಪಾಪನಿವೇದನೆ ಮಾಡಿ ಬಂದ ಮೇಲೂ ಅದನ್ನೇ ಹೊತ್ತು ತಿರುಗಿದರೆ, ದೇವರು ಕ್ಷಮಿಸಿದ್ದನ್ನು ನೀವು ಒಪ್ಪಿಕೊಂಡಿಲ್ಲ ಅಂತ ಅರ್ಥ. ಇನ್ನೊಂದು ನಿಜವಾದ ಬಾಕಿ. ಯಾರಿಗಾದರೂ ದುಡ್ಡು ಕೊಡೋದಿದೆಯಾ? ಕುಡಿದ ಹೊತ್ತಲ್ಲಿ ಯಾರ ಮೇಲಾದರೂ ಕೈ ಮಾಡಿದ್ದು, ಮಾತಲ್ಲಿ ಚುಚ್ಚಿದ್ದು ಹಾಗೇ ಉಳಿದಿದೆಯಾ? ಹೆಂಡತಿ ಮಕ್ಕಳ ಹತ್ತಿರ ಕೂತು ಮಾತಾಡಿದ್ದೀರಾ? ಕಾಣಿಕೆ ತಂದವನಿಗೆ ಸಹೋದರನ ಜೊತೆ ಮನಸ್ತಾಪ ನೆನಪಾದರೆ ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಹೋಗಿ ಮೊದಲು ರಾಜಿ ಆಗಲಿ ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ. ಸುಂಕದವನಾದ ಜಕ್ಕಾಯನೂ ಯೇಸುವನ್ನು ಮನೆಗೆ ಕರೆದು ಸುಮ್ಮನಾಗಲಿಲ್ಲ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡ್ತೇನೆ ಅಂದ. ಈ ಎರಡನೇ ಥರದ್ದು ಇದ್ದರೆ ಪ್ರಾರ್ಥನೆಯಿಂದ ಅದನ್ನು ಮುಚ್ಚಬೇಡಿ. ಹೋಗಿ ತೀರಿಸಿ. ಪೂರ್ತಿ ತೀರುವ ತನಕ ಸೇವೆ ಬೇಡ ಅಂತಲ್ಲ, ತೀರಿಸಲು ಶುರು ಮಾಡಿ ಅಂತ.

ನಾನು ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಅನ್ನೋ, ಕುಡಿತ ಬಿಡುವವರ ಕೂಟಕ್ಕೆ ಹೋಗ್ತೇನೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಶುರು ಮಾಡಿದ್ದು ಅದು. ಒಬ್ಬ ಷೇರು ವ್ಯಾಪಾರದವನು, ಇನ್ನೊಬ್ಬ ಡಾಕ್ಟರ್. ಅಲ್ಲಿ ಹನ್ನೆರಡು ಹೆಜ್ಜೆ ಅಂತಾರೆ. ಐದನೆಯದು, ಮಾಡಿದ ತಪ್ಪನ್ನು ದೇವರಿಗೂ ತನಗೂ ಇನ್ನೊಬ್ಬ ಮನುಷ್ಯನಿಗೂ ಬಿಚ್ಚಿ ಹೇಳೋದು. ಒಂಬತ್ತನೆಯದು, ನೋಯಿಸಿದವರಿಗೆ ಸರಿಪಡಿಸಿಕೊಡೋದು, ಅದರಿಂದ ಅವರಿಗೋ ಬೇರೆಯವರಿಗೋ ಕೆಡುಕಾಗೋ ಹಾಗಿದ್ದರೆ ಮಾತ್ರ ಬಿಡೋದು. ಹನ್ನೆರಡನೆಯದು, ಇನ್ನೂ ಕುಡಿತದಲ್ಲಿ ಸಿಕ್ಕಿಕೊಂಡವರ ಹತ್ತಿರ ಹೋಗೋದು. ಈ ಹನ್ನೆರಡನೆಯದಕ್ಕೆ ಬೇರೆ ಯಾವ ಪದವಿಯೂ ಬೇಡ, ತಾನೂ ಕುಡಿದಿದ್ದೆ ಅನ್ನೋದೇ ಸಾಕು. ಹಳ್ಳಕ್ಕೆ ಬಿದ್ದು ಎದ್ದವನಿಗೇ ಹಳ್ಳ ಎಲ್ಲಿದೆ ಅಂತ ಗೊತ್ತಿರೋದು. ಬಟವಾಡೆ ದಿನ ನಿಮ್ಮ ಜೊತೆ ಕುಡಿದವರ ಮುಂದೆ ಹೇಗೆ ನಿಲ್ಲಲಿ ಅಂತೀರಲ್ಲ, ಅವರ ಮುಂದೆ ನಿಲ್ಲಲು ಫಾದರ್‌ಗೆ ಆಗೋದಿಲ್ಲ, ಟೀಚರಿಗೆ ಆಗೋದಿಲ್ಲ. ನಿಮಗೆ ಆಗ್ತದೆ.

ಇನ್ನು ಕೆಲವು ಜೋಪಾನದ ಮಾತು. ಫಾದರ್‌ಗೆ ನಿಮ್ಮ ಕತೆ ಪೂರ್ತಿ ಗೊತ್ತಾ, ಅರ್ಧ ಗೊತ್ತಾ ನೋಡಿ. ಪೂರ್ತಿ ಹೇಳಿ. ಜಪಸರದಲ್ಲಿ ಕಾಣಿಕೆ ಎತ್ತೋದಿದ್ದರೆ ಆ ದುಡ್ಡು ಸದ್ಯ ಇನ್ನೊಬ್ಬರ ಕೈಯಲ್ಲಿರಲಿ. ಮಕ್ಕಳ ಕ್ಲಾಸಿಗೆ ಒಬ್ಬರೇ ಹೋಗಬೇಡಿ, ದೊಡ್ಡವರು ಇಬ್ಬರಾದರೂ ಇರಬೇಕು, ಬಾಗಿಲು ತೆರೆದಿರಬೇಕು. ಇದು ನಿಮ್ಮ ಮೇಲೆ ಅನುಮಾನ ಅಲ್ಲ, ಯಾರೇ ಕಲಿಸಿದರೂ ಹೀಗೇ ಇರಬೇಕು. ನಮ್ಮ ಕೊಡಗಿನಲ್ಲಿ ಮದುವೆಗೆ ಹೋದರೂ ಸಾವಿಗೆ ಹೋದರೂ ಗ್ಲಾಸು ಮುಂದೆ ಬರ್ತದೆ. ಅಲ್ಲಿ ಬೇಡ ಅನ್ನೋದನ್ನು ಉಪದೇಶಿ ಅನ್ನೋ ಹೆಸರಿಗಾಗಿ ಹೇಳಬೇಡಿ, ನಿಮ್ಮ ಜೀವಕ್ಕಾಗಿ ಹೇಳಿ. ಆಕಸ್ಮಾತ್ ಕಾಲು ಜಾರಿದರೆ ಅದೇ ದಿನ ಫಾದರ್‌ಗೆ ಫೋನ್ ಮಾಡಿ. ಸೇವೆ ಬಿಟ್ಟು ಅಡಗಿಕೊಳ್ಳೋದೂ ಬೇಡ, ಮುಚ್ಚಿಟ್ಟು ಮುಂದುವರಿಸೋದೂ ಬೇಡ.

ಮಡಿಕೇರಿಯಿಂದ, ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟಂಟ್) ಸಭೆಯ ಸಂಡೇ ಸ್ಕೂಲ್ ಟೀಚರ್

ಪ್ರಭುವಿನಲ್ಲಿ ವಂದನೆಗಳು ಬ್ರದರ್. ನಾವು ಬೇರೆ ಸಭೆಯವರಾದರೂ ಈ ಪ್ರಶ್ನೆ ನಮ್ಮಲ್ಲೂ ಇದೆ.

ನೀವಿರುವ ಸಿದ್ದಾಪುರದ ಹತ್ತಿರವೇ ಆನಂದಪುರ ಇದೆ. 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಕಟ್ಟಿದ ಕ್ರೈಸ್ತ ಊರು ಅದು. ಇದೇ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದವರು. ಆನಂದಪುರದಲ್ಲಿ ಬಂದು ಸೇರಿದವರು ಯಾರು? ಸ್ವಂತ ಭೂಮಿ ಇಲ್ಲದ, ಇನ್ನೊಬ್ಬರ ಹೊಲದಲ್ಲಿ ದುಡಿದು ಸವೆದ, ಸಮಾಜ ಹೊರಗಿಟ್ಟಿದ್ದ ಜನ. ನಿನಗೆ ಯೋಗ್ಯತೆ ಇಲ್ಲ ಅಂತ ತಲೆತಲಾಂತರದಿಂದ ಅವರ ಕಿವಿಗೆ ಹೇಳಿಕೊಂಡೇ ಬರಲಾಗಿತ್ತು. ವಿರಾಜಪೇಟೆಯ ಕಥೋಲಿಕರ ಕತೆಯೂ ಅಂಥದ್ದೇ. ಟಿಪ್ಪುವಿನ ಕಾಲದ ಸೆರೆಯಿಂದ ಪಾರಾಗಿ ಬರಿಗೈಯಲ್ಲಿ ಬಂದವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಅಲ್ಲಿ ನೆಲೆ ಕೊಟ್ಟ. ನಮ್ಮ ಜಿಲ್ಲೆಯಲ್ಲಿ ಯೇಸುವಿನ ಹೆಸರು ಉಳಿದು ಬಂದದ್ದು ಅಂಥವರ ಬಾಯಿಂದ. ಆದ್ದರಿಂದ, ಯೋಗ್ಯತೆ ಇಲ್ಲ ಅಂತ ನಿಮಗೆ ಅನ್ನಿಸುವಾಗ ಆ ದನಿ ಯಾರದ್ದು ಅಂತ ಸ್ವಲ್ಪ ವಿಚಾರಿಸಿ. ಪಾಪದ ಅರಿವು ದೇವರಿಂದ ಬರುತ್ತದೆ, ಅದು ನಮ್ಮನ್ನು ದೇವರ ಹತ್ತಿರ ತರುತ್ತದೆ. ಲೈನ್ ಮನೆಯವನು, ಪಿಯುಸಿ, ರೈಟರ್, ಇವನೇನು ಉಪದೇಶ ಮಾಡುತ್ತಾನೆ ಅನ್ನುವ ದನಿ ದೇವರದ್ದಲ್ಲ. ಅದಕ್ಕೆ ತಲೆಬಾಗಬೇಕಾದ್ದಿಲ್ಲ.

ನನ್ನ ಅನುಭವ ಒಂದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಕ್ಕಂದೂರು, ಮಾದಾಪುರ, ಜೋಡುಪಾಲ ಕಡೆಯ ಜನ ಮನೆ ಬಿಟ್ಟು ಬಂದರಲ್ಲ, ಆಗ ಪರಿಹಾರ ಕೇಂದ್ರದಲ್ಲಿ ಕೆಲಸಕ್ಕೆ ಜನ ಬೇಕು ಅಂದರು. ನನಗೆ ವೈದ್ಯ ಗೊತ್ತಿಲ್ಲ, ದುಃಖದಲ್ಲಿದ್ದವರಿಗೆ ಏನು ಹೇಳಬೇಕು ಅಂತಲೂ ಗೊತ್ತಿಲ್ಲ. ನಾನು ಹೋಗಿ ಏನು ಮಾಡಲಿ ಅಂತ ಹಿಂದೆಗೆದೆ. ನಮ್ಮ ಸಭಾಪಾಲಕರು, ಪೆನ್ನು ತೆಗೆದುಕೊಂಡು ಬಾ ಅಂದರು. ಅಲ್ಲಿ ಹೋದರೆ, ಮಣ್ಣಿನಡಿ ಹೋದದ್ದು ಮನೆ ಮಾತ್ರವಲ್ಲ, ಎಲ್ಲರ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಆರ್‌ಟಿಸಿ ಎಲ್ಲ ಹೋಗಿತ್ತು. ಬೆಳಗ್ಗೆಯಿಂದ ರಾತ್ರಿವರೆಗೆ ಅರ್ಜಿ ಬರೆದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಅಂತ ಯಾರೂ ನೋಡಲಿಲ್ಲ. ಒಬ್ಬ ಅಜ್ಜ ಅರ್ಜಿ ಬರೆಸಿಕೊಂಡ ಮೇಲೂ ಏಳದೆ ಕೂತೇ ಇದ್ದರು. ಕೊಟ್ಟಿಗೆಯಲ್ಲಿ ಕಟ್ಟಿದ್ದ ಹಸುಗಳ ಹೆಸರು ಒಂದೊಂದಾಗಿ ಹೇಳಿದರು. ಅವಕ್ಕೆ ಯಾವ ಕಾಲಮ್ಮೂ ಇರಲಿಲ್ಲ. ನಾನು ಹಾಳೆಯ ಹಿಂದೆ ಬರೆದುಕೊಂಡೆ. ಅಷ್ಟು ಮಾಡಿದ್ದಕ್ಕೆ ಅವರು ನನ್ನ ಕೈ ಹಿಡಿದುಕೊಂಡರು.

ಇದನ್ನು ಯಾಕೆ ಹೇಳಿದೆ ಅಂದರೆ ನೀವೂ ರೈಟರು. ಕರೆಯಲ್ಪಟ್ಟವರಲ್ಲಿ ಮತ್ತಾಯನೂ ಇದ್ದ, ಸುಂಕದ ಕಟ್ಟೆಯಲ್ಲಿ ಲೆಕ್ಕ ಬರೆಯುತ್ತಿದ್ದವನು. ಜನ ಅವನನ್ನು ದ್ವೇಷಿಸುತ್ತಿದ್ದರು. ಯೇಸು ಅವನ ಮನೆಯಲ್ಲೇ ಊಟಕ್ಕೆ ಕೂತು, ವೈದ್ಯ ಬೇಕಾಗಿರುವುದು ರೋಗಿಗಳಿಗೆ ಅಂದರು. ಲೈನಿನಲ್ಲಿ ಎಷ್ಟು ಜನಕ್ಕೆ ಒಂದು ಅರ್ಜಿ ಬರೆಯಲು ಬರುವುದಿಲ್ಲ, ಆಸ್ಪತ್ರೆಯ ಚೀಟಿ ಓದಲು ಬರುವುದಿಲ್ಲ ಅನ್ನುವುದು ನಿಮಗೇ ಚೆನ್ನಾಗಿ ಗೊತ್ತು. ಅಲ್ಲಿಂದ ಹಿಡಿಯಿರಿ. ಪಾಠ ಅದರ ಹಿಂದೆ ಬರುತ್ತದೆ.

ಗೋಣಿಕೊಪ್ಪ ಕಡೆ ಸೇವೆಯಲ್ಲಿರುವ ಸಿಸ್ಟರ್

ಪ್ರಿಯ ಸಹೋದರ, ಓದು ಸಾಲದು ಎಂಬ ನಿಮ್ಮ ಅಳುಕಿಗೆ ಮಾತ್ರ ನಾನು ಉತ್ತರಿಸುತ್ತೇನೆ. ಧರ್ಮಕೇಂದ್ರದ (ಊರಿನ ಚರ್ಚಿನ) ಗುರುಗಳ ಪಾಲಕ ಸಂತರಾದ ಜಾನ್ ಮರಿಯ ವಿಯಾನ್ನಿ ಫ್ರಾನ್ಸಿನ ಒಂದು ರೈತರ ಮನೆಯಲ್ಲಿ 1786ರಲ್ಲಿ ಹುಟ್ಟಿದವರು. ಫ್ರೆಂಚ್ ಕ್ರಾಂತಿಯ ಗಲಾಟೆಯಲ್ಲಿ ಅವರಿಗೆ ಸರಿಯಾದ ಶಾಲೆ ಸಿಗಲಿಲ್ಲ. ಲ್ಯಾಟಿನ್ ತಲೆಗೆ ಹತ್ತುತ್ತಿರಲಿಲ್ಲ, ಗುರುಮಠದ ಪರೀಕ್ಷೆಯಲ್ಲಿ ಸೋತರು. ಅವರ ಭಕ್ತಿಯನ್ನು ನೋಡಿ 1815ರಲ್ಲಿ ಗುರುದೀಕ್ಷೆ ಕೊಟ್ಟರು. 1818ರಲ್ಲಿ ಆರ್ಸ್ ಎಂಬ ಸಣ್ಣ ಹಳ್ಳಿಗೆ ಕಳುಹಿಸಿದರು. ಅಲ್ಲಿ ಪಾಪನಿವೇದನೆಗಾಗಿ ಫ್ರಾನ್ಸಿನ ಮೂಲೆಮೂಲೆಯಿಂದ ಜನ ಬರತೊಡಗಿದರು. ಆದರೂ ಅವರು ತಾನು ಈ ಕೆಲಸಕ್ಕೆ ತಕ್ಕವನಲ್ಲ ಎಂದು ಒಂದಕ್ಕಿಂತ ಹೆಚ್ಚು ಬಾರಿ ಆ ಊರು ಬಿಟ್ಟು ಹೊರಟಿದ್ದಾರೆ. ಪ್ರತಿ ಬಾರಿಯೂ ಹಿಂದಿರುಗಿದ್ದಾರೆ. 1859ರಲ್ಲಿ ಅಲ್ಲೇ ತೀರಿಕೊಂಡರು. ಅಂದರೆ ಅಯೋಗ್ಯನೆಂಬ ಭಾವನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ನಿಮಗೂ ಬಿಡದೆ ಇರಬಹುದು. ಅದು ಹೋಗಲಿ ಎಂದು ಕಾಯಬೇಡಿ. ನನ್ನ ಜೊತೆಗೂ ಅದು ವ್ರತ ಸ್ವೀಕರಿಸಿದ ದಿನದಿಂದ ಇದೆ. ರೋಗಿಯ ಗಾಯ ತೊಳೆಯುವಾಗ ನನಗೆ ಅದರ ನೆನಪಿರುವುದಿಲ್ಲ, ರಾತ್ರಿ ಒಬ್ಬಳೇ ಕೂತಾಗ ಬರುತ್ತದೆ. ಆಗ ಸಂತ ಪೌಲನಿಗೆ ಪ್ರಭು ಹೇಳಿದ್ದನ್ನು ಹೇಳಿಕೊಳ್ಳುತ್ತೇನೆ, ನನ್ನ ಕೃಪೆಯೇ ನಿನಗೆ ಸಾಕು ಎಂದು. ಆ ಮಾತು ಪೌಲನಿಗೆ ಸಿಕ್ಕಿದ್ದು, ಅವನು ತನ್ನ ಮೈಯ ಮುಳ್ಳನ್ನು, ಎಂದರೆ ತನ್ನನ್ನು ಕಾಡುತ್ತಿದ್ದ ಸಂಕಟವನ್ನು, ತೆಗೆದುಬಿಡಿ ಎಂದು ಬೇಡಿಕೊಂಡಾಗ. ಮುಳ್ಳು ಹೋಯಿತೆಂದು ಅವನು ಎಲ್ಲೂ ಬರೆದಿಲ್ಲ.

ಇನ್ನೊಂದು. ಉಪದೇಶಿಯ ಕೆಲಸ ಗುರುಗಳು ಸಿಗದಿದ್ದಾಗ ಮಾಡುವ ಬದಲಿ ಕೆಲಸವಲ್ಲ. 2021ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಅವರು ಅದನ್ನು ಧರ್ಮಸಭೆಯ ಒಂದು ಸ್ಥಾಪಿತ ಸೇವೆಯಾಗಿಯೇ ಘೋಷಿಸಿದ್ದಾರೆ. ಅವರೂ ತಮ್ಮನ್ನು ಪಾಪಿಯೆಂದೇ ಕರೆದುಕೊಳ್ಳುತ್ತಿದ್ದರು, ದೇವರು ನೋಡಿದ ಪಾಪಿ ಎಂದು.

ಕೇಳಿದವರು

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗ್ತಿಲ್ಲ. ಎಲ್ಲವನ್ನೂ ಮನೆಯವಳಿಗೆ ಓದಿ ಹೇಳಿದೆ. ಬಾಕಿಯ ಮಾತು ಬಂದಾಗ ಇಬ್ಬರೂ ಸುಮ್ಮನಾದೆವು. ಅವಳ ಬಳೆ ಅಡವಿಟ್ಟದ್ದು ಇನ್ನೂ ಬಿಡಿಸಿಲ್ಲ. ಅದನ್ನು ಮೊದಲು ನೋಡುತ್ತೇನೆ. ನಾಳೆ ಫಾದರ್ ಹತ್ತಿರ ಹೋಗಿ ಪೂರ್ತಿ ಮಾತಾಡುತ್ತೇನೆ. ಒಂದು ಮಾತ್ರ ಇನ್ನೂ ಭಯ. ಲೈನಿನಲ್ಲಿ ಒಬ್ಬರು ಆಗಲೇ, ನಿನ್ನೆವರೆಗೆ ಓಲಾಡ್ತಿದ್ದವನು ಇವತ್ತು ಸ್ವಾಮಿಗಳಾದರಾ ಅಂದರಂತೆ. ಅಂಥ ಮಾತಿಗೆ ಏನು ಮಾಡೋದು? ಮತ್ತೆ, ಕ್ಲಾಸು ಯಾವಾಗ ಇಡೋದು, ಹೇಗೆ ಶುರು ಮಾಡೋದು ಅಂತ ಅನುಭವ ಇದ್ದವರು ಹೇಳಿ.

ಸುಂಟಿಕೊಪ್ಪದಿಂದ, ಉಪದೇಶಿಯೊಬ್ಬರ ಮನೆಯವರು

ಅಣ್ಣ, ನಮ್ಮ ಯಜಮಾನರು ತೋಟದಲ್ಲಿ ಮೇಸ್ತ್ರಿ ಆಗಿದ್ದವರು. ಉಪದೇಶಿ ಆದಾಗ ನಮಗೂ ಇದೇ ಮಾತು ಬಂದಿತ್ತು. ಹಾಜರಿ ಹಾಕುವಾಗ ಬೈಯುವ ಬಾಯಲ್ಲೇ ದೇವರ ಹೆಸರಾ ಅಂದರು. ಅವರು ಉತ್ತರ ಕೊಡಲಿಲ್ಲ. ಆದರೆ ಮಾರನೇ ದಿನದಿಂದ ಬೈಯುವುದನ್ನು ಕಡಿಮೆ ಮಾಡಿದರು. ಆಡಿಕೊಂಡ ಮಾತಿನಲ್ಲಿ ನಿಜ ಇದ್ದಷ್ಟನ್ನು ತಗೊಳ್ಳಿ, ಉಳಿದದ್ದನ್ನು ಬಿಡಿ. ಯೇಸುಸ್ವಾಮಿಗೇ ಅವರ ಊರಿನವರು, ಇವನು ನಮ್ಮ ಬಡಗಿ ಅಲ್ಲವಾ, ಮರಿಯಳ ಮಗ ಅಲ್ಲವಾ ಅಂದಿದ್ದರು. ಸ್ವಂತ ಊರಲ್ಲಿ ಯಾರಿಗೂ ಸುಲಭ ಇಲ್ಲ. ಹಾಗೆ ಆಡಿಕೊಂಡ ಮನೆಯಲ್ಲೇ ಮುಂದೆ ಅಜ್ಜಿಗೆ ಕಾಯಿಲೆ ಆದಾಗ, ರಾತ್ರಿ ಜೀಪು ಹುಡುಕಿ ಮಡಿಕೇರಿ ಆಸ್ಪತ್ರೆಗೆ ಕರೆದುಕೊಂಡು ಹೋದವರು ನಮ್ಮವರೇ. ಆಮೇಲೆ ಆ ಮನೆಯ ಮಕ್ಕಳನ್ನು ಕ್ಲಾಸಿಗೆ ಅವರೇ ಕಳುಹಿಸಿದರು. ಕಳುಹಿಸಲಿ ಅಂತ ಇವರು ಹೋದದ್ದಲ್ಲ. ನೀವೂ ಹಾಗೆ ಲೆಕ್ಕ ಹಾಕಿ ಹೋಗಬೇಡಿ, ಜನಕ್ಕೆ ಗೊತ್ತಾಗ್ತದೆ.

ಮನೆಯವರ ಕಡೆಯಿಂದ ಒಂದು ಮಾತು. ಬಳೆ ಬಿಡಿಸ್ತೇನೆ ಅಂದದ್ದು ಓದಿ ತುಂಬಾ ಸಂತೋಷ ಆಯ್ತು. ಜಪಸರಕ್ಕೆ ಊರೆಲ್ಲ ತಿರುಗುವಾಗ ಸ್ವಂತ ಮನೆಯ ಜಪಸರ ತಪ್ಪಿಸಬೇಡಿ. ನಿಮ್ಮ ಮನೆಯಾಕೆ ಅಕ್ಕನನ್ನೂ ಕ್ಲಾಸಿಗೆ ಜೊತೆಗೆ ಕರೆದುಕೊಂಡು ಹೋಗಿ. ಅವರಿಗೆ ಇಷ್ಟ ಇದ್ದರೆ ಮಾತ್ರ, ಒತ್ತಾಯ ಬೇಡ. ಇಬ್ಬರು ದೊಡ್ಡವರು ಬೇಕು ಅಂದರಲ್ಲ, ಅದೂ ಆಯ್ತು.

ಕ್ಲಾಸಿನ ವಿಷಯ: ಡಿಸೆಂಬರ್‌ನಿಂದ ಕಾಫಿ ಕುಯ್ಲು ಜೋರಿರುವಾಗ ಶನಿವಾರ ಇಡಬೇಡಿ, ದೊಡ್ಡ ಮಕ್ಕಳು ಮನೆಯಲ್ಲಿ ಪುಟ್ಟವರನ್ನು ನೋಡಿಕೊಳ್ಳಬೇಕಾಗ್ತದೆ. ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಒಳ್ಳೆಯದು. ಎಷ್ಟೇ ಚೆನ್ನಾಗಿ ನಡೀತಿದ್ದರೂ ಕತ್ತಲಾಗುವ ಮುಂಚೆ ಮುಗಿಸಿ, ನಿಮ್ಮ ಕಡೆ ಆನೆ ಜಾಸ್ತಿ. ಮಳೆಗಾಲಕ್ಕೆ ಲೈನಿನ ಜಗುಲಿ ಸಾಲದು. ಸಾಹುಕಾರರನ್ನು ಕೇಳಿ ಗೋದಾಮಿನ ಒಂದು ಬದಿ ಪಡೆದುಕೊಳ್ಳಿ, ಈಗಲೇ ಕೇಳಿದರೆ ಜೂನ್ ಹೊತ್ತಿಗೆ ಸಿಗ್ತದೆ. ನಿಮ್ಮ ಲೈನಿನಲ್ಲಿ ತಮಿಳು, ಮಲಯಾಳ ಮಾತಾಡುವವರು ಇರ್ತಾರೆ, ಈಗ ಅಸ್ಸಾಂ, ಜಾರ್ಖಂಡ್‌ನವರೂ ಇದ್ದಾರೆ. ಪ್ರಾರ್ಥನೆ ಕನ್ನಡದಲ್ಲೇ ಕಲಿಯಲಿ ಅಂತ ಹಟ ಬೇಡ. ಮನೆಯಲ್ಲಿ ಅಮ್ಮ ಯಾವ ಭಾಷೆಯಲ್ಲಿ ಹೇಳಿಕೊಟ್ಟಿದ್ದಾರೋ ಅದರಲ್ಲೇ ಹೇಳಲಿ. ಮೊದಲ ದಿನ ಶಿಲುಬೆಯ ಗುರುತು ಮತ್ತು ಒಂದು ಕತೆ, ಅಷ್ಟು ಸಾಕು. ತಪ್ಪಿಹೋದ ಕುರಿಯ ಕತೆ ಹೇಳಿ, ಎಲ್ಲ ಮಕ್ಕಳೂ ಕೇಳ್ತಾರೆ. ಪುಸ್ತಕ, ಚಿತ್ರ ಎಲ್ಲ ಧರ್ಮಕೇಂದ್ರದಲ್ಲೇ ಕೊಡ್ತಾರೆ, ದುಡ್ಡು ಕೊಟ್ಟು ತರಬೇಡಿ. ನಮ್ಮವರ ಹಳೆಯ ಪಾಠದ ನೋಟ್ ಪುಸ್ತಕ ಇದೆ, ಬೇಕಾದರೆ ನಿಮ್ಮ ಫಾದರ್ ಕೈಯಲ್ಲಿ ಕೊಟ್ಟು ಕಳುಹಿಸ್ತೇವೆ.